ಬಾರ್ನಿ ತಂದ ಕಾಫಿ

ಬೆಳಗಿನ ಜಾವ ಏಳುವವರ ಮೇಲೆ ನನಗೆ ಮೊದಲಿನಿಂದಲೂ ಒಂದು ಮುನಿಸು. ಅವರು ಏಳುವುದಕ್ಕೆ ನನ್ನ ತಕರಾರಿಲ್ಲ. ಎದ್ದದ್ದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರಲ್ಲ, ಅದು ತಡೆದುಕೊಳ್ಳುವಂಥದ್ದಲ್ಲ. 'ಅಷ್ಟು ಹೊತ್ತಿಗೆ ನಂದು ವಾಕಿಂಗೂ ಆಗಿತ್ತು, ಯೋಗಾಸನವೂ ಆಗಿತ್ತು' ಎಂದು ಹತ್ತು ಗಂಟೆಗೆ ಫೋನು ಮಾಡಿ ಹೇಳುವವರ ದನಿಯಲ್ಲಿ, ಆ ಹೊತ್ತಿಗೆ ಹಲ್ಲುಜ್ಜುತ್ತಿರುವ ನನ್ನಂಥವರ ಬಗ್ಗೆ ಎಷ್ಟೊಂದು ಕನಿಕರ! ಈ ಪೈಕಿ ನಾನು ಮನಸಾರೆ ಕ್ಷಮಿಸಿರುವುದು ಒಬ್ಬನನ್ನೇ. ಅವನು ಆಂಥನಿ ಟ್ರಾಲಪ್. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕಾದಂಬರಿಕಾರ. ಅಂಚೆ ಇಲಾಖೆಯ ನೌಕರ. 47 ಕಾದಂಬರಿಗಳನ್ನು ಬರೆದವನು. ಕ್ಷಮಿಸಲು ಕಾರಣವಿದೆ. ಅವನೂ ತಾನಾಗಿ ಏಳುತ್ತಿರಲಿಲ್ಲ, ಯಾರಾದರೂ ಎಬ್ಬಿಸಬೇಕಾಗಿತ್ತು.

ಎಬ್ಬಿಸುತ್ತಿದ್ದವನು ಬಾರ್ನಿ ಎಂಬ ಮುದುಕ. ಕುದುರೆ ನೋಡಿಕೊಳ್ಳುವ ಆಳು. ಲಂಡನ್ನಿನ ಹೊರಗೆ ವಾಲ್ಥಮ್ ಕ್ರಾಸ್ ಎಂಬಲ್ಲಿ ಟ್ರಾಲಪ್ ಮನೆ ಮಾಡಿದ್ದಾಗ, ಬೆಳಿಗ್ಗೆ ಐದೂವರೆಗೆ ಧಣಿಯನ್ನು ಬರೆಯುವ ಮೇಜಿನ ಮುಂದೆ ಕೂರಿಸುವ ಕೆಲಸ ಇವನದು. ಅದಕ್ಕೆ ವರ್ಷಕ್ಕೆ 5 ಪೌಂಡು ಹೆಚ್ಚುವರಿ ಸಂಬಳ. ಬರುವಾಗ ಕೈಯಲ್ಲಿ ಕಾಫಿ. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಬಾರ್ನಿಯ ಕಾಫಿ ತಡವಾಗಲಿಲ್ಲವಂತೆ. ತನ್ನ ಯಶಸ್ಸಿಗೆ ಮಿಕ್ಕವರೆಲ್ಲರಿಗಿಂತ ಈತನಿಗೇ ಹೆಚ್ಚು ಋಣಿ ಎಂದುಕೊಳ್ಳಬೇಕೇನೋ ಎಂದು ಟ್ರಾಲಪ್ ಆತ್ಮಕಥೆಯಲ್ಲಿ ಬರೆದಿದ್ದಾನೆ. ನಮ್ಮ ಕವಿಗಳು ಗಣಪತಿ, ಶಾರದೆಯರ ಸ್ತುತಿಯಿಂದ ಕಾವ್ಯ ಶುರುಮಾಡಿದರು. ಟ್ರಾಲಪ್‌ಗೇನಾದರೂ ಆ ಪದ್ಧತಿ ಇದ್ದಿದ್ದರೆ ಮೊದಲ ಪದ್ಯ ಕುದುರೆಲಾಯದ ಕಡೆಗೆ ಮುಖಮಾಡಿರುತ್ತಿತ್ತು.

ಕಾಫಿಯಾದ ಮೇಲೆ ನಡೆಯುತ್ತಿದ್ದುದು ಇನ್ನೂ ಭಯಂಕರ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದಿ ತಿದ್ದುವುದು. ಆಮೇಲೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದದ ಹಾಗೆ ಬರೆಯುವುದು. ಎಂಟೂವರೆಗೆ ಲೇಖನಿ ಕೆಳಗಿಟ್ಟು, ಬಟ್ಟೆ ಹಾಕಿಕೊಂಡು ತಿಂಡಿಗೆ ಹಾಜರಾಗುವುದು. ಅಲ್ಲಿಂದಾಚೆ ಆಫೀಸು, ನರಿ ಬೇಟೆ, ಕ್ಲಬ್ಬು, ಇಸ್ಪೀಟು. ಪ್ರತಿ ಕಾದಂಬರಿಗೂ ವಾರವಾರದ ಗೆರೆ ಎಳೆದ ಒಂದು ಲೆಕ್ಕದ ಪುಸ್ತಕ. ಅದರಲ್ಲಿ ದಿನಕ್ಕೆ ಇಷ್ಟು ಪುಟ ಎಂದು ಜಮಾ. ವಾರಕ್ಕೆ ಸರಾಸರಿ 40 ಪುಟ. ಸೋಮಾರಿತನದ ವಾರ 20, ಹುಮ್ಮಸ್ಸಿನ ಒಂದು ವಾರ 112. ಬರೆಯದ ದಿನದ ಖಾಲಿ ಮನೆ ಕಣ್ಣಿಗೆ ಹೊಡೆಯುತ್ತಿತ್ತು ಎನ್ನುತ್ತಾನೆ. ನನ್ನ ಲೆಕ್ಕದ ಪುಸ್ತಕ ಅವನ ಕೈಗೆ ಸಿಕ್ಕಿದ್ದರೆ ಇದು ಹೊಸದು, ಇನ್ನೂ ಬಳಸಿಲ್ಲ ಎಂದು ಅಂಗಡಿಗೆ ವಾಪಸು ಕೊಡುತ್ತಿದ್ದನೇನೋ.

ದೀಪಾವಳಿ ವಿಶೇಷಾಂಕಕ್ಕೆ ಲೇಖನ ಕೇಳುವ ಸಂಪಾದಕರಿಗೆ ನಾವೆಲ್ಲ ಹೇಳುವ ಒಂದು ಮಾತಿದೆ: 'ಸಾರ್, ಇನ್ನೂ ಮೂಡ್ ಬಂದಿಲ್ಲ.' ಅವರೂ ಗೌರವದಿಂದ, 'ಪರವಾಗಿಲ್ಲ, ಬರಲಿ ಬಿಡಿ' ಎನ್ನುತ್ತಾರೆ. ನಮ್ಮಿಬ್ಬರ ಸಂಬಂಧ ನಿಂತಿರುವುದೇ ಈ ಬಾರದ ಮೂಡಿನ ಮೇಲೆ. ಟ್ರಾಲಪ್ ಈ ವ್ಯಾಪಾರವನ್ನೇ ಹಾಳುಮಾಡಿದವನು. ಒಮ್ಮೆ ಕಾದಂಬರಿಗಾರ್ತಿ ಜಾರ್ಜ್ ಎಲಿಯಟ್ ಎದುರು ತನ್ನ ದಿನಚರಿ ಹೇಳಿಕೊಂಡನಂತೆ. ಆಕೆ ದಿನಗಟ್ಟಲೆ ಕೂತರೂ ಒಂದು ಸಾಲು ಹುಟ್ಟದೆ ನರಳುವವಳು, ಕೇಳಿ ನಡುಗಿಹೋದಳು. ಟ್ರಾಲಪ್ ಸಮಾಧಾನ ಹೇಳಿದ: ನಿಮ್ಮಂಥವರ ಕಲ್ಪನೆಯ ಕೆಲಸಕ್ಕೆ ಹಾಗಾಗುವುದು ಸಹಜ, ನನ್ನದು ತಲೆಯ ಕೆಲಸವಲ್ಲ, ಕುರ್ಚಿಗೆ ಚಮ್ಮಾರನ ಮೇಣ ಮೆತ್ತಿ ಅಂಟಿಕೊಂಡು ಕೂರುವ ಕೆಲಸ. ಹೇಳಿದ್ದು ವಿನಯದಿಂದ. ಕೇಳಿದವರು ಅದನ್ನು ಅಕ್ಷರಶಃ ನಂಬಿಬಿಟ್ಟರು. ಅವನ ಮುಂದಿನ ಕಷ್ಟಕ್ಕೆಲ್ಲ ಮೂಲ ಇದೇ.

ಈ ಮನುಷ್ಯನಿಗೆ ಗಡಿಯಾರದ ಹುಚ್ಚು ಹಿಡಿದದ್ದು ಹೇಗೆ? ದುಡ್ಡಿನ ಆಸೆ ಎಂದವರುಂಟು. ಅವನೇ ಇಲ್ಲವೆಂದವನಲ್ಲ. ಆದರೆ ಅವನ ಬಾಲ್ಯದ ಪುಟಗಳನ್ನು ಓದಿದಾಗ ನನಗೆ ಬೇರೆಯೇ ತೋರುತ್ತದೆ.

1815ರಲ್ಲಿ ಹುಟ್ಟಿದ ಮಗು. ಅಪ್ಪ ವಕೀಲ. ಆದರೆ ಕಕ್ಷಿದಾರರ ಮೇಲೆಯೇ ರೇಗುವ ವಕೀಲ. ವಕಾಲತ್ತು ಕೆಟ್ಟ ಮೇಲೆ ಬೇಸಾಯಕ್ಕೆ ಇಳಿದ, ಅದೂ ಕೆಟ್ಟಿತು. ಕೊನೆಗೆ ಕ್ರೈಸ್ತ ಧರ್ಮದ ಪಾರಿಭಾಷಿಕ ಪದಗಳದೊಂದು ವಿಶ್ವಕೋಶ ಬರೆಯಲು ಕೂತ. ಅದನ್ನು ಮುಗಿಸುವ ಮೊದಲೇ ತಾನು ಮುಗಿದ. ಮಗ ಹೋಗುತ್ತಿದ್ದುದು ಶ್ರೀಮಂತರ ಮಕ್ಕಳು ಓದುವ ಹ್ಯಾರೋ ಶಾಲೆಗೆ. ತೋಟದ ಮನೆಯಿಂದ ಕೆಸರಿನ ದಾರಿಯಲ್ಲಿ 3 ಮೈಲಿ ನಡೆದು ಹೋಗಬೇಕು, ಹಾಗೇ ವಾಪಸು ಬರಬೇಕು. ಹೀಗೆ ದಿನಕ್ಕೆ ಎರಡು ಸಲ. ಒಂದು ದಿನ ಬೀದಿಯಲ್ಲಿ ಮುಖ್ಯೋಪಾಧ್ಯಾಯರೇ ಅವನನ್ನು ನಿಲ್ಲಿಸಿ, ಇಷ್ಟು ಕೊಳಕು ಹುಡುಗ ತಮ್ಮ ಶಾಲೆಯವನಾಗಿರಲು ಸಾಧ್ಯವೇ ಎಂದು ಗುಡುಗಿದರು. ನಡುವೆ ಅಮ್ಮ ಫ್ಯಾನಿ ಟ್ರಾಲಪ್ ಬದುಕು ನೇರ್ಪುಮಾಡಲು ಅಮೆರಿಕಕ್ಕೆ ಹೊರಟಳು. ಸಿನ್ಸಿನಾಟಿಯಲ್ಲಿ ಬಜಾರೊಂದನ್ನು ಕಟ್ಟಿಸಿದಳು. ಅದೂ ಮುಳುಗಿತು. ಹುಡುಗ ಇತ್ತ ವಿಂಚೆಸ್ಟರಿನ ಹಾಸ್ಟೆಲಿನಲ್ಲಿ ಫೀಸು ಕಟ್ಟದವನೆಂಬ ಹೆಸರು ಹೊತ್ತುಕೊಂಡು, ಆಟಕ್ಕೂ ಊಟಕ್ಕೂ ಬೇಡವಾದವನಾಗಿ ಒಬ್ಬನೇ ಓಡಾಡಿಕೊಂಡಿದ್ದ.

ಒಬ್ಬನೇ ಇರುವ ಹುಡುಗರು ಮಾಡುವುದನ್ನೇ ಅವನೂ ಮಾಡಿದ: ಮನಸ್ಸಿನಲ್ಲೇ ಕಥೆ ಕಟ್ಟತೊಡಗಿದ. ನಾವು ಕಟ್ಟುತ್ತಿದ್ದ ಕಥೆಗಳಲ್ಲಿ ಕ್ಷಣಕ್ಕೊಮ್ಮೆ ರಾಜರಾಗುತ್ತಿದ್ದೆವು, ಮರುಕ್ಷಣ ಕ್ರಿಕೆಟ್ ತಂಡದ ನಾಯಕರು. ಈ ಹುಡುಗ ಹಗಲುಗನಸಿಗೂ ಕಾಯಿದೆ ಮಾಡಿಕೊಂಡ. ಒಂದೇ ಕಥೆ ವಾರಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿಯಬೇಕು. ಅಸಾಧ್ಯವಾದದ್ದು ಏನೂ ನಡೆಯಕೂಡದು. ನಾಯಕ ತಾನೇ, ಆದರೆ ರಾಜನಲ್ಲ, ಡ್ಯೂಕನಲ್ಲ. ಆರಡಿ ಎತ್ತರದ ಚೆಲುವನೂ ಅಲ್ಲ. ಜಾಣನಿರಬಹುದು, ದಯಾವಂತನಿರಬಹುದು, ಹೆಂಗಸರಿಗೆ ಮೆಚ್ಚುಗೆಯಾಗಬಹುದು, ಅಷ್ಟೆ. ತನ್ನ ಕನಸಿನಲ್ಲೂ ತನ್ನ ಎತ್ತರ ಹೆಚ್ಚಿಸಿಕೊಳ್ಳದ ಹುಡುಗನನ್ನು ಕಂಡರೆ ನನಗೆ ಅಯ್ಯೋ ಎನಿಸುತ್ತದೆ. ಮುಂದೆ ಅವನ ಕಾದಂಬರಿಗಳಿಗೆ ಬಂದದ್ದೂ ಇದೇ ಕಾಯಿದೆ.

1834ರಲ್ಲಿ ಸಾಲಗಾರರು ಮುತ್ತಿದರು. ಒಂದು ಬೆಳಿಗ್ಗೆ ಅಪ್ಪ ಆಂಥನಿಗೆ ಗಾಡಿ ಕಟ್ಟಲು ಹೇಳಿ ಲಂಡನ್ನಿನ ಬಂದರಿಗೆ ಹೊರಟ. ಅಲ್ಲಿ ಹಡಗು ಹತ್ತಿ ಬೆಲ್ಜಿಯಮ್ಮಿಗೆ ಪರಾರಿ. ಮಗ ಮನೆಗೆ ವಾಪಸಾಗುವ ಹೊತ್ತಿಗೆ ಜಪ್ತಿಯವರು ಬಂದು ಕೂತಿದ್ದಾರೆ. ಅಮ್ಮನ ಪಿಂಗಾಣಿ, ಒಂದಷ್ಟು ಪುಸ್ತಕ, ಸ್ವಲ್ಪ ಬೆಳ್ಳಿ ಇಷ್ಟನ್ನು ಅಕ್ಕತಂಗಿಯರೂ ನೆರೆಮನೆಯ ಹೆಣ್ಣುಮಕ್ಕಳೂ ಸೇರಿ ಎರಡು ತೋಟಗಳ ನಡುವಿನ ಸಂದಿಯಲ್ಲಿ ಪಕ್ಕದ ಮನೆಗೆ ದಾಟಿಸುತ್ತಿದ್ದಾರೆ. ಇವನೂ ಕೈಜೋಡಿಸಿದ. ಉಳಿದ ಸಾಮಾನು ಹರಾಜಿಗೆ ಹೋಯಿತು.

ಬ್ರೂಜ್ ಪಟ್ಟಣದ ಬಾಡಿಗೆ ಮನೆಯಲ್ಲಿ ಅಮ್ಮ ನೆಲೆಯೂರಿದಳು. ಗಂಡನಿಗೆ ಕಾಯಿಲೆ, ಮಗ ಹೆನ್ರಿಗೆ ಕ್ಷಯ. ಐವತ್ತು ದಾಟಿದ ಮೇಲೆ ಲೇಖಕಿಯಾದ ಹೆಂಗಸು ಅವಳು. 1832ರಲ್ಲಿ ಬಂದ ಅಮೆರಿಕನ್ನರ ಮನೆವಾಳಿಕೆಯ ರೀತಿನೀತಿಗಳ ಮೇಲಿನ ಪುಸ್ತಕ ಅವಳಿಗೆ ಹೆಸರು ತಂದಿತ್ತು, ಅಮೆರಿಕನ್ನರಿಗೆ ಸಿಟ್ಟು ತಂದಿತ್ತು. ಈಗ ಆ ಮನೆ ನಡೆಯಬೇಕಾದರೆ ಅವಳು ಬರೆಯಲೇಬೇಕು. ಔಷಧದ ಸೀಸೆ, ಮಸಿಯ ಕುಡಿಕೆ ಎರಡೂ ಒಂದೇ ಕೋಣೆಯಲ್ಲಿ. ರಾತ್ರಿ ರೋಗಿಗಳ ಬಳಿ, ಬೆಳಗಿನ ಜಾವ ನಾಲ್ಕಕ್ಕೆ ಮೇಜಿನ ಬಳಿ. ಬರೆಯುತ್ತಿದ್ದುದೋ, ನಗಿಸುವ ಕಾದಂಬರಿ! 1834 ಮುಗಿಯುವ ಮೊದಲೇ ಹೆನ್ರಿ ತೀರಿಕೊಂಡ, ಮರುವರ್ಷ ಗಂಡ. ಪುಸ್ತಕಗಳು ನಿಲ್ಲಲಿಲ್ಲ. ಇದನ್ನು ಕಂಡ ಮಗನಿಗೆ ಬರವಣಿಗೆ ಮೂಡಿನ ಮೇಲೆ ನಿಂತಿದೆ ಎಂದು ಯಾರು ಹೇಳಿ ನಂಬಿಸಿಯಾರು? ಅಮ್ಮನದು ನಾಲ್ಕು ಗಂಟೆ, ಮಗನದು ಐದೂವರೆ. ಒಂದು ತಲೆಮಾರಿನಲ್ಲಿ ಆ ಮನೆತನ ಒಂದೂವರೆ ಗಂಟೆಯಷ್ಟು ಸುಖ ಕಂಡಿತು ಎನ್ನಬೇಕು.

ಅದೇ 1834ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಆಂಥನಿಗೆ ಲಂಡನ್ನಿನ ಪ್ರಧಾನ ಅಂಚೆ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ವರ್ಷಕ್ಕೆ 90 ಪೌಂಡು. ಸೇರುವ ಮೊದಲು ಪರೀಕ್ಷೆ: ಟೈಮ್ಸ್ ಪತ್ರಿಕೆಯ ಕೆಲವು ಸಾಲು ನಕಲು ಮಾಡಬೇಕು. ಮುರುಕು ಲೇಖನಿಯಲ್ಲಿ ಮಸಿ ಚೆಲ್ಲಿ, ಕಾಗುಣಿತ ಕೆಡಿಸಿ ಒಪ್ಪಿಸಿದ. ಲೆಕ್ಕ ಬರುತ್ತದೆಯೇ ಎಂದರು. ಸ್ವಲ್ಪ ಸ್ವಲ್ಪ ಎಂದ. ಮಗ್ಗಿಯನ್ನೇ ಕಲಿತಿರಲಿಲ್ಲ. ನಾಳೆ ಅಂದವಾಗಿ ಬರೆದು ತಾ ಎಂದು ಕಳಿಸಿದರು. ಮನೆಯಲ್ಲಿ ರಾತ್ರಿ ಕೂತು ಗಿಬ್ಬನ್ನನ ಇತಿಹಾಸದಿಂದ ಕೆಲವು ಪುಟ ದುಂಡಗೆ ಬರೆದು ತಂದ. ಅದನ್ನು ಯಾರೂ ನೋಡಲೇ ಇಲ್ಲ. ಹೋಗಿ ಆ ಮೇಜಿನಲ್ಲಿ ಕೂತುಕೋ ಎಂದರು. ನೇಮಕಾತಿಯ ಈ ವಿಧಾನ ಓದುವಾಗ ಬ್ರಿಟಿಷರು ನಮಗೆ ರೈಲಲ್ಲದೆ ಇನ್ನೂ ಏನೇನು ಬಿಟ್ಟುಹೋದರು ಎಂಬುದು ನೆನಪಾಗುತ್ತದೆ.

ಗುಮಾಸ್ತೆಯಾಗಿ ಏಳು ವರ್ಷ ಅವನು ಮಾಡಿದ ಮುಖ್ಯ ಸಾಧನೆ ಸಾಲ. ದರ್ಜಿಯ 12 ಪೌಂಡಿನ ಬಾಕಿ ಬಡ್ಡಿಯವನ ಕೈಸೇರಿ, ಬೆಳೆದು, ಕೊನೆಗೆ 200 ಪೌಂಡಿಗೂ ಮೇಲೆ ಕಟ್ಟಿಸಿಕೊಂಡಿತು. ಆ ಬಡ್ಡಿಯ ಮುದುಕ ಆಫೀಸಿಗೇ ಬಂದು, ಕುರ್ಚಿಯ ಹಿಂದೆ ನಿಂತು, ಹೇಳಿದ ಹೊತ್ತಿಗೆ ಸರಿಯಾಗಿ ಕೊಡುವುದನ್ನು ಕಲಿಯಬೇಕಪ್ಪಾ ಎಂದು ಮೆತ್ತಗೆ ಬುದ್ಧಿ ಹೇಳುತ್ತಿದ್ದ. ಟ್ರಾಲಪ್‌ಗೆ ಸಮಯಪಾಲನೆಯ ಮೊದಲ ಪಾಠ ಹೇಳಿದ ಗುರು ಇವನೇ ಇರಬೇಕು.

1841ರಲ್ಲಿ ಯಾರಿಗೂ ಬೇಡವಾದ ಐರ್ಲೆಂಡಿನ ಹುದ್ದೆಯೊಂದು ಖಾಲಿಯಾಯಿತು. ಇವನು ಕೇಳಿ ಪಡೆದ. ಪೀಡೆ ತೊಲಗಿತೆಂದು ಮೇಲಧಿಕಾರಿಗಳಿಗೂ ಖುಷಿ. ಅಲ್ಲಿ ಹೋದವನು ಬೇರೆಯೇ ಮನುಷ್ಯನಾದ. ಕುದುರೆ ಕೊಂಡ, ಬೇಟೆ ಕಲಿತ, ಮದುವೆಯಾದ, ಬರೆಯಲು ತೊಡಗಿದ. 1850ರ ದಶಕದ ಮೊದಲಲ್ಲಿ ಅವನನ್ನು ಇಂಗ್ಲೆಂಡಿನ ಪಶ್ಚಿಮದ ಜಿಲ್ಲೆಗಳಿಗೆ ಕಳಿಸಿದರು. ಹಳ್ಳಿಹಳ್ಳಿಗೂ ಟಪಾಲು ಮುಟ್ಟಿಸುವ ದಾರಿ ಗೊತ್ತುಮಾಡಬೇಕು. ಅಂಚೆಯವನು ದಿನಕ್ಕೆ 16 ಮೈಲಿಗಿಂತ ಹೆಚ್ಚು ನಡೆಯಬಾರದು. ಟ್ರಾಲಪ್ ಕುದುರೆಯೇರಿ ಪ್ರತಿ ಹಾದಿಯನ್ನೂ ತಾನೇ ಅಳೆದ. ಬೇಟೆ ಇರುವ ದಿನ ಬೇಟೆಯ ವೇಷದಲ್ಲೇ ಹೊರಡುತ್ತಿದ್ದ. ಯಾವುದೋ ಕುಗ್ರಾಮದ ಪೋಸ್ಟ್ ಮಾಸ್ತರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದರೆ, ಕೆಂಪು ಕೋಟು, ಎತ್ತರದ ಬೂಟು, ದೊಡ್ಡ ಗಡ್ಡ, ಗುಡುಗಿನಂಥ ದನಿಯ ಆಸಾಮಿಯೊಬ್ಬ ಎದುರು ನಿಂತು, ನಿನ್ನೆ ಬಂದ ಒಂದೊಂದು ಕಾಗದವೂ ಎಲ್ಲಿಗೆ ಹೋಯಿತು ಹೇಳು ಎಂದು ಕೇಳುತ್ತಿದ್ದ. ನಮ್ಮಲ್ಲಾದರೆ ಆ ಮಾಸ್ತರರು ಮೊದಲು ನಿಂಬೆಹಣ್ಣು ನಿವಾಳಿಸುತ್ತಿದ್ದರು.

ರಸ್ತೆಬದಿಯ ಅಂಚೆಪೆಟ್ಟಿಗೆಯೂ ಇವನ ಕೃಪೆ. ಫ್ರಾನ್ಸಿನಲ್ಲಿ ಅಂಥದಿದೆ, ಇಲ್ಲೂ ಇಟ್ಟು ನೋಡೋಣ ಎಂದು ವರದಿ ಬರೆದ. 1852ರ ನವೆಂಬರಿನಲ್ಲಿ ಜರ್ಸಿ ದ್ವೀಪದ ಸೇಂಟ್ ಹೀಲಿಯರ್ ಪಟ್ಟಣದಲ್ಲಿ ನಾಲ್ಕು ಕಬ್ಬಿಣದ ಪೆಟ್ಟಿಗೆಗಳು ನಿಂತವು. ಅಲ್ಲಿಂದ ಅವು ಸಾಮ್ರಾಜ್ಯವಿಡೀ ನಡೆದುಬಂದವು. ತಮಾಷೆಯೆಂದರೆ, ಅವನದೇ ಒಂದು ಕಾದಂಬರಿಯಲ್ಲಿ ಎಕ್ಸೆಟರಿನ ಹಠಮಾರಿ ಮುದುಕಿಯೊಬ್ಬಳು ಈ ಕಬ್ಬಿಣದ ಮೋಟನ್ನು ಕಂಡರೆ ಉರಿದುಬೀಳುತ್ತಾಳೆ. ಅದರ ಬಾಯಿಗೆ ಹಾಕಿದ ಕಾಗದ ಊರು ಸೇರುತ್ತದೆಂದು ಅವಳಿಗೆ ನಂಬಿಕೆಯಿಲ್ಲ. ತಾನೇ ಅಂಚೆ ಕಚೇರಿಗೆ ನಡೆದುಹೋಗುತ್ತಾಳೆ. ತಾನು ತಂದ ಸುಧಾರಣೆಯನ್ನು ತಾನೇ ಗೇಲಿಮಾಡುವ ಸರ್ಕಾರಿ ಅಧಿಕಾರಿ ಇನ್ನೊಬ್ಬನಿದ್ದರೆ ತೋರಿಸಿ. ಈಗ ನಮ್ಮ ಬೀದಿಯ ಕೆಂಪು ಡಬ್ಬಿಗೂ ಯಾರೂ ಕಾಗದ ಹಾಕುವುದಿಲ್ಲ. ಅದರ ಮೇಲೆ ಟ್ಯೂಷನ್ನಿನ ಚೀಟಿ ಅಂಟಿಸುತ್ತಾರೆ. ಮುದುಕಿ ಬದುಕಿದ್ದರೆ, ನಾನು ಹೇಳಿರಲಿಲ್ಲವೇ ಎನ್ನುತ್ತಿದ್ದಳು.

1858ರಲ್ಲಿ ಅವನನ್ನು ಈಜಿಪ್ಟಿಗೆ ಅಟ್ಟಿದರು. ಸೂಯೆಜ್ ಕಾಲುವೆ ಇನ್ನೂ ಆಗಿರಲಿಲ್ಲ. ಭಾರತ, ಆಸ್ಟ್ರೇಲಿಯಗಳ ಟಪಾಲನ್ನು ಆ ದೇಶದ ಉದ್ದಕ್ಕೂ ರೈಲಿನಲ್ಲಿ ಸಾಗಿಸುವ ಒಪ್ಪಂದ ಆಗಬೇಕಿತ್ತು. ನುಬಾರ್ ಬೇ ಎಂಬ ಅಧಿಕಾರಿಯೊಡನೆ ದಿನಗಟ್ಟಲೆ ಚೌಕಾಸಿ ಮಾಡಿ ಮುಗಿಸಿದ. ಆ ಮೇಲೆ ಬೆಂಗಳೂರು ದಂಡಿನ ಯಾವ ಸಾಹೇಬನಿಗಾದರೂ ಊರಿನ ಕಾಗದ ನಾಲ್ಕು ದಿನ ಮೊದಲೇ ಕೈಸೇರಿದ್ದರೆ, ಅದರಲ್ಲಿ ಟ್ರಾಲಪ್‌ನ ಪಾಲೂ ಇದೆ. ಹೋಗುವಾಗ ಹಡಗಿನಲ್ಲಿ 'ಡಾಕ್ಟರ್ ಥಾರ್ನ್' ಕಾದಂಬರಿ ನಡೆಯುತ್ತಿತ್ತು. ಸಮುದ್ರ ಕೆರಳಿತ್ತು. ಬರೆಯುತ್ತ ಬರೆಯುತ್ತ ಎದ್ದು ಓಡಿಹೋಗಿ ವಾಂತಿ ಮಾಡಿ, ಬಂದು ಮತ್ತೆ ಅದೇ ವಾಕ್ಯವನ್ನು ಮುಂದುವರಿಸುತ್ತಿದ್ದ. ಈಜಿಪ್ಟಿನಲ್ಲೇ ಆ ಕಾದಂಬರಿ ಮುಗಿಯಿತು. ಮರುದಿನ ಬೆಳಿಗ್ಗೆ ಮುಂದಿನದನ್ನು ಶುರುಮಾಡಿದ. ಎರಡರ ನಡುವೆ ಒಂದು ಭಾನುವಾರವಾದರೂ ಬೇಡವೇ?

ಹೀಗೆ ಬಿಡುವಿಲ್ಲದೆ ಬರೆಯುವವನಿಗೆ ತಕ್ಕ ಓದುಗರೂ ಆ ಕಾಲದಲ್ಲಿದ್ದರು. ಕಾದಂಬರಿಯೆಂದರೆ ಮೂರು ಸಂಪುಟ. ಬೆಲೆ ಒಂದೂವರೆ ಗಿನಿ. ಕೊಳ್ಳುವವರು ಕಡಿಮೆ. ವರ್ಷಕ್ಕೊಂದು ಗಿನಿ ಕಟ್ಟಿ ಮ್ಯೂಡಿಯ ಗ್ರಂಥಾಲಯದಿಂದ ಒಂದೊಂದೇ ಸಂಪುಟ ತಂದು ಓದುತ್ತಿದ್ದರು. ಎರಡನೆಯ ಸಂಪುಟ ಪಕ್ಕದ ಬೀದಿಯವರ ಬಳಿ ಇದ್ದರೆ ನಾಯಕಿಯ ಮದುವೆ ಅಷ್ಟು ದಿನ ನಿಲ್ಲುತ್ತಿತ್ತು. ಉಳಿದವರು ಪತ್ರಿಕೆಗಳಲ್ಲಿ ತಿಂಗಳ ಕಂತಿಗೆ ಕಾಯುತ್ತಿದ್ದರು. 1860ರ ಜನವರಿಯಲ್ಲಿ ಥ್ಯಾಕರೆಯ ಸಂಪಾದಕತ್ವದಲ್ಲಿ 'ಕಾರ್ನ್‌ಹಿಲ್' ಮಾಸಪತ್ರಿಕೆ ಹೊರಟಾಗ ಮೊದಲ ಸಂಚಿಕೆಯ ಒಂದು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. ಅದರ ಮೊದಲ ಪುಟದಲ್ಲೇ ಟ್ರಾಲಪ್‌ನ ಧಾರಾವಾಹಿ, 'ಫ್ರೇಮ್ಲಿ ಪಾರ್ಸನೇಜ್'. ಇದು ಮುಗಿಯದೆ ಹೀಗೇ ಬರುತ್ತಿರಬಾರದೇ ಎಂದು ಕಾದಂಬರಿಗಾರ್ತಿ ಎಲಿಜಬೆತ್ ಗ್ಯಾಸ್ಕೆಲ್ ಆಸೆಪಟ್ಟಳು. ವಾರಪತ್ರಿಕೆ ಬಂದ ದಿನ ಮನೆಯಲ್ಲಿ ಯಾರು ಮೊದಲು ಓದಬೇಕೆಂದು ಜಗಳವಾಡಿದ ನಮ್ಮ ತಾಯಂದಿರಿಗೆ ಈ ಆಸೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಓದುಗರ ಸಲಿಗೆಗೂ ಮಿತಿಯಿರಲಿಲ್ಲ. ಬಾರ್ಸೆಟ್‌ಷೈರ್ ಎಂಬ ಕಲ್ಪಿತ ಜಿಲ್ಲೆಯ ಮೇಲೆ ಅವನು ಬರೆದ ಆರು ಕಾದಂಬರಿಗಳ ಪೈಕಿ ಕೆಲವದರಲ್ಲಿ ಮಿಸೆಸ್ ಪ್ರೌಡಿ ಎಂಬ ಬಿಷಪ್ಪನ ಹೆಂಡತಿ ಬರುತ್ತಾಳೆ. ಧರ್ಮಪೀಠದಲ್ಲಿ ಗಂಡ ಕೂತಿರುತ್ತಾನೆ, ಆಳುವವಳು ಇವಳು. ಒಂದು ದಿನ ಟ್ರಾಲಪ್ ಅಥೀನಿಯಂ ಕ್ಲಬ್ಬಿನಲ್ಲಿ ಬರೆಯುತ್ತ ಕೂತಿದ್ದಾಗ, ಅಲ್ಲೇ ಇಬ್ಬರು ಪಾದ್ರಿಗಳು ಪತ್ರಿಕೆ ಹಿಡಿದುಕೊಂಡು ಗೊಣಗುತ್ತಿದ್ದರು: ಈ ಲೇಖಕನಿಗೆ ಬೇರೆ ಪಾತ್ರಗಳೇ ಹೊಳೆಯುವುದಿಲ್ಲವೇ, ಎಲ್ಲಿ ನೋಡಿದರೂ ಆ ಪ್ರೌಡಿ! ಟ್ರಾಲಪ್ ಎದ್ದು ಹೋಗಿ, ನಾನೇ ಆ ಲೇಖಕ, ಈ ವಾರದೊಳಗೆ ಆಕೆಯನ್ನು ಕೊಂದುಹಾಕುತ್ತೇನೆ ಎಂದ. ಪಾಪ, ಅವರು ಏನೇನೋ ಸಮಾಧಾನ ಹೇಳಿದರು. ಇವನು ಮನೆಗೆ ಹೋಗಿ ಕೊಂದೇಬಿಟ್ಟ. ಆಮೇಲೆ ಬಹಳ ಕಾಲ ಅವಳ ಪ್ರೇತದ ಜತೆಯಲ್ಲಿ ಬದುಕಿದ್ದಾಗಿ ಬರೆದುಕೊಂಡಿದ್ದಾನೆ. ಕಾಲು ಗಂಟೆಗೆ 250 ಪದದಂತೆ ಹುಟ್ಟಿಸಿದ ಹೆಂಗಸಿಗಾಗಿ ಯಾರಾದರೂ ಹೀಗೆ ಸೂತಕ ಆಚರಿಸುತ್ತಾರೆಯೇ? ಚಮ್ಮಾರನ ಮೇಣದ ಮಾತನ್ನು ನಂಬಬಾರದೆನ್ನುವುದಕ್ಕೆ ಇದೊಂದೇ ಸಾಕ್ಷಿ ಸಾಕು.

ಇಲಾಖೆಯಲ್ಲಿ ಕೊನೆಗೆ ಆಗಬಾರದ್ದು ಆಯಿತು. 1864ರಲ್ಲಿ ತನಗೆ ಬರಬೇಕಾಗಿದ್ದ ಹುದ್ದೆ ಸೇವೆಯಲ್ಲಿ ಕಿರಿಯನಾದವನಿಗೆ ಹೋಯಿತು. ಮೂರು ವರ್ಷ ನುಂಗಿಕೊಂಡಿದ್ದು, 1867ರಲ್ಲಿ ಪಿಂಚಣಿಯ ಆಸೆ ಬಿಟ್ಟು ಹೊರಬಂದ. ನಮ್ಮ ಮಾಸ್ತಿಯವರೂ ಕಿರಿಯರೊಬ್ಬರಿಗೆ ಮೇಲಿನ ಸ್ಥಾನ ಸಿಕ್ಕಾಗ ರಾಜೀನಾಮೆ ಕೊಟ್ಟು ಬಂದವರೇ. ಇಬ್ಬರ ಸರ್ಕಾರಗಳೂ ತಿಳಿಯದೆಯೇ ಸಾಹಿತ್ಯಕ್ಕೆ ಉಪಕಾರ ಮಾಡಿದವು. ಮರುವರ್ಷ ಟ್ರಾಲಪ್ ಬೆವರ್ಲಿ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ನಿಂತ. 400 ಪೌಂಡು ಕೈಬಿಟ್ಟಿತು, ಸ್ಥಾನ ಕಟ್ಟಕಡೆಯದು. ಮತಕ್ಕೆ ಲಂಚ ತಿನ್ನುವುದರಲ್ಲಿ ಆ ಊರು ಎಷ್ಟು ಹೆಸರಾಗಿತ್ತೆಂದರೆ, ವಿಚಾರಣೆ ನಡೆದು ಕ್ಷೇತ್ರವನ್ನೇ ರದ್ದುಮಾಡಿದರು. ಸೋತ ಅಭ್ಯರ್ಥಿಗೆ ಇದಕ್ಕಿಂತ ದೊಡ್ಡ ಸಮಾಧಾನ ಸಿಗುವುದು ಅಪರೂಪ.

1882ರ ನವೆಂಬರಿನ ಒಂದು ಸಂಜೆ, ಬಂಧುಗಳ ಮನೆಯಲ್ಲಿ ಎಲ್ಲರೂ ಕೂತು ಆ ವರ್ಷದ ಹೊಸ ಹಾಸ್ಯ ಕಾದಂಬರಿ 'ವೈಸ್ ವರ್ಸಾ'ವನ್ನು ಓದಿಸಿ ಕೇಳುತ್ತಿದ್ದರು. ಟ್ರಾಲಪ್‌ನದು ಎಲ್ಲರಿಗಿಂತ ಜೋರು ನಗು. ನಗುತ್ತಿದ್ದವನು ಹಠಾತ್ತಾಗಿ ಸುಮ್ಮನಾದ. ಪಾರ್ಶ್ವವಾಯು ಬಡಿದಿತ್ತು. ಡಿಸೆಂಬರ್ 6ರಂದು ತೀರಿಕೊಂಡ. ಬೇರೆಯವರ ಪುಸ್ತಕ ಕೇಳಿ ಅಷ್ಟು ಹೊಟ್ಟೆತುಂಬ ನಕ್ಕ ಲೇಖಕನೆಂದರೆ, ಅವನೆಂಥ ದೊಡ್ಡ ಮನಸ್ಸಿನವನಿರಬೇಕು ಎನಿಸುತ್ತದೆ.

ಸತ್ತ ಮರುವರ್ಷ ಆತ್ಮಕಥೆ ಹೊರಬಂತು. ಬಾರ್ನಿ, ಗಡಿಯಾರ, ಮೇಣ, ಲೆಕ್ಕದ ಪುಸ್ತಕ ಎಲ್ಲ ಅದರಲ್ಲಿದ್ದವು. ಯಾವ ಪುಸ್ತಕಕ್ಕೆ ಎಷ್ಟು ಬಂತೆಂಬ ಪಟ್ಟಿಯೂ ಇತ್ತು. ಒಟ್ಟು 68,939 ಪೌಂಡು, 17 ಷಿಲಿಂಗು, 5 ಪೆನ್ಸು. ವಿಮರ್ಶಕರು ಮೂಗು ಮುರಿದರು. ಲೇಖಕ ಸಾಲದಲ್ಲಿ ಸತ್ತರೆ ಜನ ಕಣ್ಣೀರು ಹಾಕುತ್ತಾರೆ. ಕೈಗೆ ಬಂದ 5 ಪೆನ್ಸಿಗೂ ಲೆಕ್ಕ ಕೊಟ್ಟು ಸತ್ತರೆ ಅವನು ಕಲಾವಿದನೇ ಎಂದು ಅನುಮಾನಪಡುತ್ತಾರೆ. ಅವನ ಹೆಸರು ದಶಕಗಟ್ಟಲೆ ಮಂಕಾಯಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬೀಳುವ ರಾತ್ರಿಗಳಲ್ಲಿ ಬ್ರಿಟನ್ನಿನ ಜನ ಬಾರ್ಸೆಟ್‌ಷೈರನ್ನು ಮತ್ತೆ ಹುಡುಕಿಕೊಂಡು ಹೋದರು. ವೆಸ್ಟ್‌ಮಿನ್ಸ್ಟರ್ ಅಬ್ಬೆಯ ಕವಿಗಳ ಮೂಲೆಯಲ್ಲಿ ಅವನ ಹೆಸರಿನ ಕಲ್ಲು ಕೂತದ್ದು 1993ರಲ್ಲಿ, ತೀರಿಕೊಂಡು 111 ವರ್ಷಕ್ಕೆ. ಅಂಚೆಯವನ ಬಟವಾಡೆಗೇ ಇಷ್ಟು ವಿಳಂಬ.

ಟ್ರಾಲಪ್‌ನನ್ನು ಓದಬೇಕೆನ್ನುವವರು 'ದಿ ವಾರ್ಡನ್'ನಿಂದ ತೊಡಗಬಹುದು. ತೆಳ್ಳಗಿದೆ. ಹನ್ನೆರಡು ಜನ ಬಡ ಮುದುಕರ ಧರ್ಮಛತ್ರವೊಂದನ್ನು ನೋಡಿಕೊಳ್ಳುವ ಹಾರ್ಡಿಂಗ್ ಎಂಬ ಮೆತ್ತನೆಯ ಪಾದ್ರಿ. ಅದಕ್ಕೆ ಅವನಿಗೆ ವರ್ಷಕ್ಕೆ 800 ಪೌಂಡು. ದಾನಿಯ ಉಯಿಲಿನ ಪ್ರಕಾರ ಇಷ್ಟು ಹಣ ನಿನಗೆ ಸಲ್ಲತಕ್ಕದ್ದೇ ಎಂದು ಯಾರೋ ಕೇಳುತ್ತಾರೆ. ಕಾನೂನು ಅವನ ಕಡೆಗಿದೆ, ಬಿಷಪ್ ಅವನ ಕಡೆಗಿದ್ದಾನೆ, ಅಳಿಯ ಕಾದಾಡಲು ಸಿದ್ಧನಿದ್ದಾನೆ. ಮುದುಕನಿಗೆ ಮಾತ್ರ ನಿದ್ದೆ ಬರುವುದಿಲ್ಲ. ಕಳವಳವಾದಾಗಲೆಲ್ಲ ಅವನ ಕೈ ಇಲ್ಲದ ಚೆಲ್ಲೋ ವಾದ್ಯವನ್ನು ಗಾಳಿಯಲ್ಲೇ ನುಡಿಸತೊಡಗುತ್ತದೆ. ಕೊನೆಗೊಂದು ದಿನ ಯಾರ ಮಾತೂ ಕೇಳದೆ ಕೆಲಸ ಬಿಟ್ಟುಬಿಡುತ್ತಾನೆ. ಇಷ್ಟೇ ಕಥೆ. ಕೊಲೆಯಿಲ್ಲ, ಓಡಿಹೋಗುವುದಿಲ್ಲ, ಯಾರೂ ಆರಡಿಯಿಲ್ಲ. 1855ರ ಕೊನೆಗೆ ಈ ಪುಸ್ತಕದಿಂದ ಟ್ರಾಲಪ್‌ಗೆ ಬಂದದ್ದು 9 ಪೌಂಡು, 8 ಷಿಲಿಂಗು, 8 ಪೆನ್ಸು. ಕಲ್ಲು ಒಡೆದಿದ್ದರೂ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು ಎಂದು ಅವನೇ ತಮಾಷೆ ಮಾಡಿದ್ದಾನೆ. ನಿಮಗೆ ಹಿಡಿಸಿದರೆ ಇನ್ನೂ 46 ಕಾದಿವೆ. ಹಿಡಿಸದಿದ್ದರೂ ಚಿಂತೆಯಿಲ್ಲ. ಗ್ರಂಥಾಲಯದ ಪ್ರತಿಯನ್ನು ವಾಯಿದೆಯೊಳಗೆ ವಾಪಸು ಮಾಡಿ. ಆ ಮನುಷ್ಯ ನಿಮ್ಮಿಂದ ಅಷ್ಟನ್ನು ಖಂಡಿತ ನಿರೀಕ್ಷಿಸುತ್ತಿದ್ದ.